ಹತ್ತಿ ಗಿಡ ಓದುವ ಬರಹ

(ರಬಕವಿ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಾದರೆ ಮಗ್ಗದ ಸಪ್ಪಳ ಕೇಳುತ್ತದೆ. ಆ ಮಗ್ಗಕ್ಕೆ ಏರುವ ನೂಲಿನ ಹುರಿ ಬಿಚ್ಚಿ, ಎಳೆ ಎಳೆಯಾಗಿ ಬೇರ್ಪಡಿಸುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಕೂದಲಿಗಿಂತ ನವಿರಾದ, ಸುಮಾರು ಒಂದು ಅಂಗುಲ ಉದ್ದದ ಅರಳೆ. ಈ ಒಂದು ಎಳೆ ಎಂದರೆ ಒಂದೇ ಒಂದು ಜೀವಕೋಶ. ಗಿಡದ ಉಳಿದ ಜೀವಕೋಶಗಳನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಹತ್ತಿ ಬೆಳೆಯುವವನು ಮಾತ್ರ ಜೀವಕೋಶಗಳನ್ನು ಅಂಡಿಗೆಗಟ್ಟಲೆ ತುಂಬಿ ಮಾರುಕಟ್ಟೆಗೆ ಒಯ್ಯುತ್ತಾನೆ.

ಹೂ ಅರಳುವ ದಿನದ ಆಸುಪಾಸಿನಲ್ಲಿ ಎಳೆಯ ಕಾಳಿನ ಮೇಲ್ಸಿಪ್ಪೆಯ ಕೆಲವು ಕೋಶಗಳು ಉಬ್ಬಿ ಉದ್ದವಾಗತೊಡಗುತ್ತವೆ. ಸುಮಾರು ಮೂರು ವಾರ ಉದ್ದಕ್ಕೆ ಬೆಳೆದ ಮೇಲೆ ಒಳಗೋಡೆಗೆ ಪದರ ಪದರವಾಗಿ ಸೆಲ್ಯುಲೋಸನ್ನು ಹಚ್ಚಿಕೊಳ್ಳುತ್ತವೆ. ಕಾಯಿ ಒಡೆಯುವ ಹೊತ್ತಿಗೆ ಕೋಶ ಸತ್ತು ಗೋಡೆಯಷ್ಟೇ ಉಳಿದಿರುತ್ತದೆ. ಉಡುವ ಸೀರೆ, ಧೋತರ, ಹೊದೆಯುವ ಚಾದರ ಎಲ್ಲವೂ ಈ ಒಣಗಿದ ಗೋಡೆಯೇ. ಆದರೆ ಸೆಲ್ಯುಲೋಸು ತನ್ನಷ್ಟಕ್ಕೆ ತಾನು ಹೆಣೆದುಕೊಳ್ಳುವುದಿಲ್ಲ. ಅದನ್ನು ಹೆಣೆಯುವ ಒಂದು ಕಿಣ್ವವಿದೆ. ಆ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯನ್ನು ಸಸ್ಯವರ್ಗದಲ್ಲಿ ಮೊಟ್ಟಮೊದಲು ಗುರುತಿಸಿದ್ದು 1996ರಲ್ಲಿ, ಅದೂ ಹತ್ತಿಯ ಅರಳೆಯಲ್ಲಿಯೇ. ಕಿಣ್ವವೆಂದರೆ ಒಂದು ಬಗೆಯ ಸಸಾರಜನಕ, ಅಂದರೆ ಪ್ರೋಟೀನು. ಗಿಡದಲ್ಲಿ ನಡೆಯುವ ಯಾವುದೇ ಕೆಲಸದ ಬೆನ್ನು ಹತ್ತಿ ಹೋದರೂ ಹೀಗೆಯೇ ಒಂದಲ್ಲ ಒಂದು ಸಸಾರಜನಕದ ಬಳಿ ಬಂದು ನಿಲ್ಲಬೇಕಾಗುತ್ತದೆ.

ಈ ವಿಷಯ ರೈತನಿಗೇಕೆ ಎಂದು ಕೇಳಬಹುದು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಹತ್ತಿ ಬೆಳೆಗಾರ ಕೊಳ್ಳುತ್ತಿರುವ ಬಿಟಿ ಬೀಜದಲ್ಲಿ ಅವನು ದುಡ್ಡು ಕೊಡುವುದು ಒಂದು ಬರಹಕ್ಕೆ. ಆ ಬರಹವನ್ನು ಗಿಡ ಓದಿ ಒಂದು ಸಸಾರಜನಕವನ್ನು ತಯಾರಿಸಬೇಕು. ಅದನ್ನು ತಿಂದ ಹುಳು ಸಾಯಬೇಕು. ಬೀಜವೇನೋ ಬಿಟಿಯದೇ, ಆದರೂ ಕಾಯಿ ಒಡೆದರೆ ಒಳಗೆ ಗುಲಾಬಿ ಬಣ್ಣದ ಹುಳು ಕಾಣುತ್ತದೆ. ಮೋಸ ಬೀಜದಲ್ಲಿದೆಯೋ, ಔಷಧಿಯಲ್ಲಿದೆಯೋ, ಹೊಲದಲ್ಲಿದೆಯೋ ಎಂಬ ಜಗಳ ಅಲ್ಲಿಂದ ಶುರುವಾಗುತ್ತದೆ. ಬರಹ ಸಸಾರಜನಕವಾಗುವ ದಾರಿ ಗೊತ್ತಿದ್ದರೆ ಈ ಜಗಳದ ಬಹುಪಾಲು ಬಗೆಹರಿಯುತ್ತದೆ.

ಮೂಲ ದಾಖಲೆ ಮತ್ತು ಉತಾರ

ಹತ್ತಿ ಗಿಡದ ಪ್ರತಿಯೊಂದು ಜೀವಕೋಶದ ನಡುವೆ ಕೋಶಕೇಂದ್ರವಿದೆ. ಅದರೊಳಗೆ ವರ್ಣತಂತುಗಳಿವೆ. ಜಯಧರದಂಥ ಜವಾರಿ ಹತ್ತಿಯಲ್ಲಿ 26, ಅಮೆರಿಕನ್ ಹತ್ತಿಯಲ್ಲಿ 52. ಪ್ರತಿ ವರ್ಣತಂತುವಿನಲ್ಲಿ ಸುತ್ತಿ ಇಟ್ಟಿರುವ ಉದ್ದನೆಯ ದಾರವೇ ಡಿ.ಎನ್.ಎ. ಈ ದಾರ ಎರಡೆಳೆಯ ಹುರಿಯಂತಿದೆ ಎಂಬುದನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತಿಳಿಸಿದರು. ದಾರದ ಉದ್ದಕ್ಕೂ ನಾಲ್ಕೇ ಬಗೆಯ ರಾಸಾಯನಿಕ ಗುರುತುಗಳು ಸಾಲಾಗಿ ಬರುತ್ತವೆ. ಅವುಗಳನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುವ ವಾಡಿಕೆ. ಅಮೆರಿಕನ್ ಹತ್ತಿಯ ಒಂದು ಪೂರ್ತಿ ಪ್ರತಿಯಲ್ಲಿ ಇಂಥ ಅಕ್ಷರಗಳು ಸುಮಾರು 230 ಕೋಟಿ. ಇದರಲ್ಲಿ ಒಂದು ಸಸಾರಜನಕದ ವಿವರ ಬರೆದಿರುವ ತುಂಡಿಗೆ ವಂಶವಾಹಿ ಅಥವಾ ಜೀನು ಎನ್ನುತ್ತಾರೆ.

ಸಸಾರಜನಕವೂ ಒಂದು ಸರವೇ. ಅದರ ಮಣಿಗಳು ಅಮೈನೊ ಆಮ್ಲಗಳು. ಇವುಗಳಲ್ಲಿ 20 ಬಗೆ. ಯಾವ ಮಣಿಯ ಮುಂದೆ ಯಾವ ಮಣಿ ಎಂಬ ಸಾಲಿನ ಮೇಲೆ ಸರ ಹೇಗೆ ಮಡಚಿಕೊಳ್ಳುತ್ತದೆ, ಎಂಥ ಕೆಲಸ ಮಾಡುತ್ತದೆ ಎಂಬುದು ನಿಂತಿದೆ. ನಾಲ್ಕು ಅಕ್ಷರಗಳ ಬರಹವನ್ನು 20 ಮಣಿಗಳ ಸರವಾಗಿ ಮಾಡುವುದೇ ಜೀವಕೋಶದ ಕೆಲಸ.

ಜಕಾರ್ಡ್ ಮಗ್ಗ ಕಂಡವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ತೂತು ಹೊಡೆದ ರಟ್ಟುಗಳ ಸಾಲು ಮಗ್ಗದ ಮೇಲೆ ಸರಿಯುತ್ತ ಹೋಗುತ್ತದೆ. ಯಾವ ಹಾಸಿನ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದನ್ನು ತೂತು ಹೇಳುತ್ತದೆ. ರಟ್ಟಿನಲ್ಲಿ ಬಣ್ಣವೂ ಇಲ್ಲ, ನೂಲೂ ಇಲ್ಲ, ಆದರೂ ಸೆರಗಿನಲ್ಲಿ ನವಿಲು ಮೂಡುತ್ತದೆ. ಡಿ.ಎನ್.ಎ.ಯೂ ಹಾಗೆಯೇ. ಅದರಲ್ಲಿ ಸಸಾರಜನಕದ ಒಂದು ಚೂರೂ ಇಲ್ಲ, ಸಾಲು ಮಾತ್ರ ಇದೆ.

ಆದರೆ ಒಂದು ವ್ಯತ್ಯಾಸವಿದೆ. ಮಗ್ಗದ ರಟ್ಟು ಮಗ್ಗದ ಮೇಲೆಯೇ ಇರುತ್ತದೆ, ಡಿ.ಎನ್.ಎ. ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಸಾಲಕ್ಕಾಗಿ ಬ್ಯಾಂಕಿಗೆ ಹೋಗುವ ರೈತ ಮೂಲ ದಫ್ತರವನ್ನು ಹೊತ್ತುಕೊಂಡು ಹೋಗುವುದಿಲ್ಲವಷ್ಟೆ. ತನ್ನ ಸರ್ವೆ ನಂಬರಿನ ಉತಾರವನ್ನು ಮಾತ್ರ ತೆಗೆಸುತ್ತಾನೆ, ಕೆಲಸ ಮುಗಿದ ಮೇಲೆ ಆ ಕಾಗದ ಎಲ್ಲೋ ಹರಿದು ಹೋಗುತ್ತದೆ. ಜೀವಕೋಶವೂ ತನಗೆ ಬೇಕಾದ ವಂಶವಾಹಿಯ ಉತಾರವನ್ನಷ್ಟೇ ತೆಗೆಯುತ್ತದೆ. ಈ ಉತಾರದ ಹೆಸರು ಆರ್.ಎನ್.ಎ. ಬರಹ ಅದೇ, ಟಿ ಎಂಬಲ್ಲಿ ಮಾತ್ರ ಯು ಎಂದಿರುತ್ತದೆ. ಮೊದಲ ಪ್ರತಿಯಲ್ಲಿ ಸಸಾರಜನಕಕ್ಕೆ ಬೇಡದ ತುಣುಕುಗಳೂ ಸೇರಿಕೊಂಡಿರುವುದುಂಟು. ಕೋಶ ಅವುಗಳನ್ನು ಕತ್ತರಿಸಿ ತೆಗೆದು, ಬೇಕಾದ ತುಣುಕುಗಳನ್ನು ಜೋಡಿಸಿ, ಬಾಲಕ್ಕೆ ಮುದ್ರೆಯೊತ್ತಿದಂತೆ ಒಂದು ಗುರುತು ಹಚ್ಚಿ ಹೊರಗೆ ಕಳಿಸುತ್ತದೆ. ಈ ಕತ್ತರಿಸಿ ಜೋಡಿಸುವ ಕೆಲಸದ ಮಾತು ಹುಳುವಿನ ವಿಷಯಕ್ಕೆ ಬಂದಾಗ ಮತ್ತೆ ಬರಲಿದೆ.

ಎಲೆಯ ಕೋಶದಲ್ಲಿ, ಬೇರಿನ ಕೋಶದಲ್ಲಿ, ಅರಳೆಯ ಕೋಶದಲ್ಲಿ ಇರುವ ಮೂಲ ದಾಖಲೆ ಒಂದೇ. ಬೇರೆಬೇರೆಯಾಗಿರುವುದು ಎಲ್ಲಿ, ಯಾವಾಗ, ಎಷ್ಟು ಉತಾರ ತೆಗೆಯಲಾಗುತ್ತದೆ ಎಂಬುದು. ಗಿಡದ ವಯಸ್ಸು, ನೀರು, ಗೊಬ್ಬರ, ಬಿಸಿಲು ಎಲ್ಲದರ ಪ್ರಭಾವವೂ ಇಲ್ಲಿಯೇ ಬೀಳುತ್ತದೆ. ಬೀಜದ ಪೊಟ್ಟಣದ ಮೇಲೆ ವಂಶವಾಹಿಯ ಹೆಸರು ಅಚ್ಚಾಗಿದ್ದ ಮಾತ್ರಕ್ಕೆ ಕಾಯಿಯಲ್ಲಿ ಸಸಾರಜನಕ ಸಾಕಷ್ಟಿದೆ ಎಂದಾಗುವುದಿಲ್ಲ.

ತಲಾಠಿಯ ಮಗ ಬಿಡಿಸಿದ ಲಿಪಿ

ಉತಾರವನ್ನು ಓದುವ ಕ್ರಮ ತಿಳಿದದ್ದು 1960ರ ದಶಕದಲ್ಲಿ. ಅದರಲ್ಲಿ ದೊಡ್ಡ ಪಾಲು ಹರಗೋವಿಂದ ಖೊರಾನಾ ಅವರದು. ಅವರು 1922ರಲ್ಲಿ ಅವಿಭಜಿತ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿದರು. ನೂರು ಜನರಷ್ಟೇ ಇದ್ದ ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ತಂದೆ ಪಟವಾರಿ, ಈ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ತಲಾಠಿ. ಊರಿನಲ್ಲಿ ಓದು ಬಲ್ಲ ಮನೆ ಬಹುಮಟ್ಟಿಗೆ ಅದೊಂದೇ. ಊರ ಹೊಲಗಳ ಉತಾರ ಬರೆಯುತ್ತಿದ್ದವರ ಮಗ ಜೀವಕೋಶದ ಉತಾರವನ್ನು ಓದಿದ್ದು ಕಾಕತಾಳೀಯವೇ ಇರಬಹುದು, ಆದರೂ ನೆನಪಿನಲ್ಲಿಡುವಂಥದು.

ಸಮಸ್ಯೆ ಇಷ್ಟು: ಅಕ್ಷರ ನಾಲ್ಕು, ಅಮೈನೊ ಆಮ್ಲ 20. ಒಂದೊಂದೇ ಅಕ್ಷರ ಓದಿದರೆ ನಾಲ್ಕೇ ಮಣಿಗಳಿಗೆ ಹೆಸರು ಸಾಲುತ್ತದೆ. ಎರಡೆರಡು ಓದಿದರೆ 16, ಆಗಲೂ ಸಾಲದು. ಮೂರು ಮೂರು ಓದಿದರೆ 64, ಸಾಕಾಗಿ ಮಿಗುತ್ತದೆ. ಆದ್ದರಿಂದ ಮೂರಕ್ಷರದ ಪದಗಳೇ ಇರಬೇಕೆಂದು ಊಹೆ. ಅಮೆರಿಕದಲ್ಲಿ 1961ರಲ್ಲಿ ನೈರೆನ್‌ಬರ್ಗ್ ಮತ್ತು ಮಾಥೈ ಬರೇ ಯು ಯು ಯು ಎಂದು ಸಾಗುವ ಆರ್.ಎನ್.ಎ.ಯನ್ನು ಕೋಶದ ರಸಕ್ಕೆ ಹಾಕಿ ನೋಡಿದರು. ಫಿನೈಲ್ ಅಲನಿನ್ ಎಂಬ ಒಂದೇ ಮಣಿಯ ಸರ ಬಂತು. ಖೊರಾನಾ ತಮಗೆ ಬೇಕಾದ ಸಾಲಿನ ಅಕ್ಷರಗಳನ್ನು ತಾವೇ ಜೋಡಿಸುವ ರಸಾಯನಶಾಸ್ತ್ರವನ್ನು ಕೈವಶ ಮಾಡಿಕೊಂಡಿದ್ದರು. ಯು ಸಿ ಯು ಸಿ ಎಂದು ಸಾಗುವ ಎಳೆ ಕೊಟ್ಟಾಗ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್ ಎಂದು ಒಂದು ಬಿಟ್ಟು ಒಂದು ಮಣಿ ಬಂತು. ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಎಂದೇ ಬರಬೇಕಲ್ಲವೇ? ಹೀಗೆ ಒಂದೊಂದಾಗಿ 64 ಪದಗಳ ಅರ್ಥವೂ ಹೊರಬಂತು. ಅವುಗಳಲ್ಲಿ 61 ಪದಗಳು ಮಣಿಗಳ ಹೆಸರು, ಮೂರು ಪದಗಳಿಗೆ ‘ಇಲ್ಲಿ ನಿಲ್ಲಿಸು’ ಎಂಬ ಅರ್ಥ. ಖೊರಾನಾ, ನೈರೆನ್‌ಬರ್ಗ್ ಮತ್ತು ಹಾಲಿ ಮೂವರಿಗೂ 1968ರ ನೊಬೆಲ್ ಪಾರಿತೋಷಕ ಬಂತು.

ಮೂರು ಮೂರಾಗಿ ಓದುವುದರಲ್ಲಿ ಒಂದು ಅಪಾಯವಿದೆ. ‘ಬಸವಕಮಲರಮಣ’ ಎಂದು ಸೇರಿಸಿ ಬರೆದದ್ದನ್ನು ಮೂರಕ್ಷರಕ್ಕೊಂದು ಪದದಂತೆ ಓದಿದರೆ ಬಸವ, ಕಮಲ, ರಮಣ. ನಡುವಿನ ‘ಸ’ ಒಂದು ಅಳಿಸಿ ಹೋಯಿತೆನ್ನಿ: ಬವಕ, ಮಲರ, ಮಣ. ಒಂದೇ ಅಕ್ಷರ ಹೋದದ್ದಕ್ಕೆ ಮುಂದಿನದೆಲ್ಲ ಅರ್ಥಗೆಟ್ಟಿತು. ವಂಶವಾಹಿಯಲ್ಲಿ ಇಂಥ ತಪ್ಪಾದರೆ ಸಸಾರಜನಕ ಕೆಡುತ್ತದೆ, ಇಲ್ಲವೆ ಅರ್ಧಕ್ಕೇ ನಿಲ್ಲುತ್ತದೆ.

ಸರ ನೇಯುವ ಮಗ್ಗದ ಹೆಸರು ರೈಬೋಸೋಮ್. ಒಂದೊಂದು ಜೀವಕೋಶದಲ್ಲಿ ಇವು ಲಕ್ಷಗಟ್ಟಲೆ. ಇದರ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದವರಲ್ಲಿ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು; ಅವರಿಗೂ ಇನ್ನಿಬ್ಬರಿಗೂ 2009ರಲ್ಲಿ ನೊಬೆಲ್ ಸಂದಿತು. ಉತಾರ ಈ ಮಗ್ಗದೊಳಗೆ ಸರಿಯುತ್ತ ಹೋಗುತ್ತದೆ. ಮಣಿಗಳನ್ನು ಹೊತ್ತು ತರುವ ಹಮಾಲರು ಬೇರೆ ಇದ್ದಾರೆ. ಅವೂ ಒಂದು ಬಗೆಯ ಚಿಕ್ಕ ಆರ್.ಎನ್.ಎ.ಗಳೇ. ಹಮಾಲನ ಒಂದು ತುದಿಯಲ್ಲಿ ಮಣಿ, ಇನ್ನೊಂದು ತುದಿಯಲ್ಲಿ ಮೂರಕ್ಷರದ ಬಿಲ್ಲೆ. ಉತಾರದ ಪದಕ್ಕೂ ಬಿಲ್ಲೆಗೂ ತಾಳೆಯಾದರೆ ಮಣಿಯನ್ನು ಸರಕ್ಕೆ ಸೇರಿಸಿ ಹಮಾಲ ಹೊರಗೆ ಹೋಗುತ್ತಾನೆ. ತಾಳೆಯಾಗದಿದ್ದರೆ ಒಳಗೆ ಪ್ರವೇಶವಿಲ್ಲ. ಗಿಡ, ಪ್ರಾಣಿಗಳ ಕೋಶದಲ್ಲಿ ಸೆಕೆಂಡಿಗೆ ಐದಾರು ಮಣಿಗಳಷ್ಟು ವೇಗದಲ್ಲಿ ಈ ಕೆಲಸ ನಡೆಯುತ್ತದೆ. ಶುರುವಿನ ಪದ ಎಯುಜಿ, ಅದರ ಮಣಿ ಮೆಥಿಯೊನಿನ್. ಕೊನೆಗೆ ‘ನಿಲ್ಲಿಸು’ ಪದ ಬಂದಾಗ ಸರ ಕಳಚಿ ಬೀಳುತ್ತದೆ.

ಇಲ್ಲಿ ಗೊಬ್ಬರದ ಮಾತು ಬಂದೇ ಬರುತ್ತದೆ. ಪ್ರತಿ ಮಣಿಯಲ್ಲಿಯೂ ಸಾರಜನಕವಿದೆ. ತೂಕದಲ್ಲಿ ಸಸಾರಜನಕದ ಸುಮಾರು ಶೇ. 16 ಭಾಗ ಸಾರಜನಕವೇ. ಯೂರಿಯಾ ಹಾಕುವುದೆಂದರೆ ಈ ಮಗ್ಗಕ್ಕೆ ನೂಲು ಕೊಟ್ಟಂತೆ. ನೂಲು ಸಾಲದಾದಾಗ ಗಿಡ ಹಳೆಯ ಎಲೆಗಳ ಸಸಾರಜನಕವನ್ನು ಬಿಚ್ಚಿ ಮಣಿಗಳನ್ನು ಹೊಸ ಎಲೆಗೆ, ಕಾಯಿಗೆ ಸಾಗಿಸುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಇದರಿಂದ. ಗಂಧಕದ ಕಥೆ ಬೇರೆ. ಮೊದಲ ಮಣಿ ಮೆಥಿಯೊನಿನ್‌ನಲ್ಲಿಯೇ ಗಂಧಕವಿದೆ, ಆದರೆ ಗಿಡದೊಳಗೆ ಗಂಧಕ ಸುಲಭವಾಗಿ ಕೆಳಗಿನಿಂದ ಮೇಲಕ್ಕೆ ಸರಿಯದು, ಹೀಗಾಗಿ ಕೊರತೆ ಎಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ಉತಾರ ತೆಗೆಯುವ ಕಿಣ್ವಕ್ಕೆ ಸತು ಬೇಕು, ರೈಬೋಸೋಮಿನ ಎರಡು ಭಾಗಗಳು ಕೂಡಿ ನಿಲ್ಲಲು ಮೆಗ್ನೀಷಿಯಂ ಬೇಕು. ಕಾಯಿ ಕಟ್ಟುವ ಹೊತ್ತಿಗೆ ಹತ್ತಿಯ ಎಲೆ ಕೆಂಪಗಾಗುವುದನ್ನು ರೋಗವೆಂದು ಬಗೆದು ಶಿಲೀಂಧ್ರನಾಶಕ ಸುರಿಯುವವರಿದ್ದಾರೆ. ಬಹಳ ಸಲ ಅದು ಸಾರಜನಕ, ಮೆಗ್ನೀಷಿಯಂಗಳ ಕೊರತೆ. ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ.

ಮನುಷ್ಯನ ಕೋಶದಲ್ಲಿಯೂ ಇದೇ ಮಗ್ಗ. ಒಂದು ಮಣಿಯ ಕೊರತೆಯಾದರೂ ಸರ ಅಲ್ಲಿಗೇ ನಿಲ್ಲುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಮಣಿ ಕಡಿಮೆ, ಕಡಲೆಯಲ್ಲಿ ಅದು ಹೇರಳ. ಜೋಳದ ರೊಟ್ಟಿಗೆ ಜುಣಕ ಹಚ್ಚಿಕೊಂಡು ತಿನ್ನುವುದನ್ನು ಕಲಿಸಿದವರು ಯಾವ ಪ್ರಯೋಗಶಾಲೆಯಲ್ಲೂ ಕುಳಿತಿರಲಿಲ್ಲ.

ಬ್ಯಾಕ್ಟೀರಿಯದ ಬರಹ ಹತ್ತಿಗೆ ಬಂದ ರೀತಿ

ಬಿಟಿ ಎಂಬುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯದ ಹೆಸರಿನ ಮೊಟಕು. 1901ರಲ್ಲಿ ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ ರೇಷ್ಮೆಹುಳುಗಳು ಸಾಯುವ ಕಾರಣ ಹುಡುಕುವಾಗ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಹಿಟ್ಟಿನ ಗಿರಣಿಯ ಪತಂಗದಲ್ಲಿ ಅದನ್ನೇ ಕಂಡು, ತುರಿಂಗಿಯಾ ಪ್ರಾಂತದ ಹೆಸರಿಟ್ಟರು. ಈ ಬ್ಯಾಕ್ಟೀರಿಯ ತನ್ನೊಳಗೆ ಹರಳಿನಂಥ ಸಸಾರಜನಕವನ್ನು ಕೂಡಿಡುತ್ತದೆ. ಕ್ರೈ1ಎಸಿ ಎಂಬುದು ಅಂಥದೊಂದು. ಅದರ ಸರದಲ್ಲಿ 1,178 ಮಣಿಗಳು. ಅಂದರೆ ಅದನ್ನು ಬರೆಯಲು ಮೂರರಂತೆ 3,534 ಅಕ್ಷರಗಳು, ಮೇಲೊಂದು ‘ನಿಲ್ಲಿಸು’ ಪದ. ಬಿಟಿ ಹತ್ತಿಯ ರೈತ ಮೊದಲು ಹಣ ಕೊಟ್ಟದ್ದು ಈ ಬರಹಕ್ಕೆ.

ಬ್ಯಾಕ್ಟೀರಿಯಕ್ಕೂ ಹತ್ತಿಗೂ ಲಿಪಿ ಒಂದೇ ಆದ್ದರಿಂದ ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿಗೆ ಸೇರಿಸಿದರೆ ಹತ್ತಿ ಅದನ್ನು ಓದಬೇಕು. ಓದಿತೇನೋ ಹೌದು, ಆದರೆ ಸಸಾರಜನಕ ಹುಟ್ಟಿದ್ದು ಅತಿ ಸ್ವಲ್ಪ, ಹುಳು ಸಾಯುವಷ್ಟು ಇರಲಿಲ್ಲ. ಕಾರಣ ಹೀಗಿದೆ: ಬ್ಯಾಕ್ಟೀರಿಯದ ಆ ಬರಹದಲ್ಲಿ ಎ ಮತ್ತು ಟಿ ಅಕ್ಷರಗಳು ಬಹಳ. ಎಎಟಿಎಎಎ ಎಂಬಂಥ ಸಾಲು ಗಿಡದ ಕೋಶಕ್ಕೆ ‘ಉತಾರ ಇಲ್ಲಿಗೆ ಮುಗಿಯಿತು’ ಎಂಬ ಗುರುತಿನ ಹಾಗೆ ಕಾಣುತ್ತದೆ, ಅದು ಅಲ್ಲಿಯೇ ಕತ್ತರಿಸಿಬಿಡುತ್ತದೆ. ಲಿಪಿ ಒಂದೇ ಆದರೂ ಬರೆಯುವ ಕೈ ಬೇರೆಯಾಗಿತ್ತು.

ಈ ತೊಡಕು ಬಿಡಿಸಿದ್ದು ಖೊರಾನಾ ಕಾಲದ ಪದಕೋಶವೇ. 61 ಪದಗಳು 20 ಮಣಿಗಳಿಗೆ ಹಂಚಿಕೆಯಾಗಿರುವುದರಿಂದ ಹೆಚ್ಚಿನ ಮಣಿಗಳಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿವೆ. ಲ್ಯೂಸಿನ್ ಒಂದಕ್ಕೇ ಆರು. ಜೋಳದ ರೊಟ್ಟಿಯನ್ನು ಭಕ್ಕರಿ ಎಂದರೂ ತಟ್ಟೆಗೆ ಬರುವುದು ಅದೇ ಆಗಿರುವಂತೆ ಪದ ಬದಲಾದರೂ ಮಣಿ ಬದಲಾಗದು. ಆದ್ದರಿಂದ ಸಸಾರಜನಕದ ಸಾಲನ್ನು ಹಾಗೆಯೇ ಇಟ್ಟು, ಅಕ್ಷರಗಳನ್ನು ಮಾತ್ರ ಗಿಡದ ವಾಡಿಕೆಗೆ ತಕ್ಕಂತೆ ಪ್ರಯೋಗಶಾಲೆಯಲ್ಲಿ ಹೊಸದಾಗಿ ಬರೆದರು. 1991ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗಿಡದೊಳಗಿನ ಸಸಾರಜನಕ ನೂರು ಪಟ್ಟಿನವರೆಗೂ ಹೆಚ್ಚಿತು. ಬಿಟಿ ಹತ್ತಿ ವ್ಯಾಪಾರಕ್ಕೆ ಯೋಗ್ಯವಾದದ್ದು ಹೀಗೆ ತಿದ್ದಿ ಬರೆದ ಮೇಲೆ.

ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತದ್ದು 2002ರ ಮಾರ್ಚಿನಲ್ಲಿ. ಮೊದಲ ವರ್ಷವೇ ಬಿತ್ತನೆಗೆ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕ್ರೈ2ಎಬಿ ಎಂಬ ಎರಡನೆಯ ಸಸಾರಜನಕವನ್ನೂ ಕೂಡಿಸಿದ ಬೀಜ 2006ರಲ್ಲಿ ಬಂತು.

ಎಲೆ ತಿಂದ ಮರಿಹುಳುವಿನ ಕರುಳಿನಲ್ಲಿ ಕ್ಷಾರ ಹೆಚ್ಚು, ಸುಣ್ಣದ ನೀರಿದ್ದಂತೆ. ಅಲ್ಲಿ ಬಿಟಿ ಸಸಾರಜನಕ ಕರಗಿ, ಹುಳುವಿನದೇ ಕಿಣ್ವಗಳಿಂದ ತುದಿ ಕತ್ತರಿಸಿಕೊಂಡು ಚುರುಕಾಗುತ್ತದೆ. ಆ ಮೇಲೆ ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಮುಂತಾದ ಸಸಾರಜನಕಗಳಿಗೆ ಕೀಲಿಯಲ್ಲಿ ಕೀಲಿಕೈ ಕೂತಂತೆ ಕೂತು ಗೋಡೆಗೆ ತೂತು ಕೊರೆಯುತ್ತದೆ. ಹುಳು ಮೇವು ಬಿಡುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. ಮನುಷ್ಯನ ಹೊಟ್ಟೆಯಲ್ಲಿ ಆಮ್ಲವಿದೆ, ಆ ಕೀಲಿಯೂ ಇಲ್ಲ. ಹೇನು, ಜಿಗಿಹುಳು, ಥ್ರಿಪ್ಸ್ ನುಸಿ, ಬಿಳಿನೊಣಗಳ ಮೇಲೂ ಈ ಸಸಾರಜನಕ ಕೆಲಸ ಮಾಡದು. ಬೀಜಕ್ಕೆ ಲೇಪಿಸಿದ ಬಣ್ಣದ ಔಷಧಿ ರಸ ಹೀರುವ ಕೀಟಗಳಿಗಾಗಿ. ಅದು ಕೆಲವು ವಾರ ಮಾತ್ರ ಕಾಯುತ್ತದೆ. ಬಣ್ಣವೇ ಬಿಟಿ ಎಂಬ ತಪ್ಪು ತಿಳಿವಳಿಕೆ ಇನ್ನೂ ಕೆಲವು ಕಡೆ ಇದೆ.

ಕಾಯಿಯಲ್ಲಿ ಹುಳು ಹೇಗೆ ಉಳಿಯಿತು

ಮೊದಲ ಕಾರಣ ಗಿಡದ ಓದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಭಾರತದ ಬಿಟಿ ಸಂಕರಣಗಳಲ್ಲಿ ಕ್ರೈ1ಎಸಿ ಎಷ್ಟಿದೆ ಎಂದು ಅಳೆದು 2005ರಲ್ಲಿ ಪ್ರಕಟಿಸಿದರು. ಎಲೆಯಲ್ಲಿ ಅದು ಹೆಚ್ಚು. ಹೂವಿನ ಅಂಡಾಶಯ, ಕಾಯಿಯ ಸಿಪ್ಪೆಗಳಲ್ಲಿ ತೀರ ಕಡಿಮೆ. ಹಸಿರು ಕಾಯಿಕೊರಕ ಸಾಯಲು ಒಂದು ಗ್ರಾಂ ಅಂಗಾಂಶದಲ್ಲಿ ಕನಿಷ್ಠ 1.9 ಮೈಕ್ರೋಗ್ರಾಂ ಬೇಕೆಂದು ಅವರು ಕಂಡರು. ಸುಮಾರು 110 ದಿನಗಳ ನಂತರ ಗಿಡದಲ್ಲಿ ಅಷ್ಟು ಉಳಿಯುತ್ತಿರಲಿಲ್ಲ. ಸಂಕರಣದಿಂದ ಸಂಕರಣಕ್ಕೆ ವ್ಯತ್ಯಾಸವೂ ಇತ್ತು. ಎಲೆಯಲ್ಲಿ ಕಾವಲು ಬಿಗಿ, ಕಳ್ಳ ಬರುವ ಕಾಯಿಯಲ್ಲಿ ಸಡಿಲ. ಸಾರಜನಕ ಸಾಲದ, ನೀರು ಕಾಣದ ಗಿಡದಲ್ಲಿ ಬಿಟಿ ಸಸಾರಜನಕವೂ ಇಳಿಯುತ್ತದೆ. ಮೇಲುಗೊಬ್ಬರ ತಪ್ಪಿಸಿ ಬೀಜವನ್ನು ಬೈಯುವುದು ಅಷ್ಟು ಸರಿಯಲ್ಲ. ಹಾಗೆಂದು ಯೂರಿಯಾ ಸುರಿದರೆ ಗಿಡ ಸೊಕ್ಕಿ ರಸ ಹೀರುವ ಕೀಟಗಳಿಗೆ ಹಬ್ಬವಾಗುತ್ತದೆ.

ಎರಡನೆಯ ಕಾರಣ ಸಂಕರಣ ಬೀಜ. ಸಂಕರಣ ಹತ್ತಿ ಕರ್ನಾಟಕದ ಹೆಮ್ಮೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಹೊರತಂದ ವರಲಕ್ಷ್ಮಿ 1972ರಲ್ಲಿಯೂ ಜಯಲಕ್ಷ್ಮಿ ಎಂಬ ಡಿಸಿಎಚ್-32 ಮುಂದೆ 1981ರಲ್ಲಿಯೂ ಬಂದು ಉದ್ದನೆಯ ಎಳೆಯ ಹತ್ತಿಯನ್ನು ಈ ನಾಡಿಗೆ ಕೊಟ್ಟವು. ಆದರೆ ಸಂಕರಣ ಗಿಡದಲ್ಲಿ ಬಿಟಿ ವಂಶವಾಹಿ ಒಬ್ಬ ಪಾಲಕನಿಂದ ಮಾತ್ರ ಬಂದಿದ್ದರೆ ಅದು ಒಂಟಿ ಪ್ರತಿ. ಆ ಗಿಡದ ಕಾಯಿಯೊಳಗಿನ ಕಾಳುಗಳು ಮುಂದಿನ ತಲೆಮಾರು. ಮೆಂಡಲನ ಲೆಕ್ಕದಂತೆ ನಾಲ್ಕು ಕಾಳುಗಳಲ್ಲಿ ಸುಮಾರು ಮೂರಕ್ಕೆ ಆ ಬರಹ ಬರುತ್ತದೆ, ಒಂದಕ್ಕೆ ಬರುವುದಿಲ್ಲ. ಗುಲಾಬಿ ಕಾಯಿಕೊರಕ ಎಲೆ ತಿನ್ನುವ ಹುಳುವಲ್ಲ. ಮೊಟ್ಟೆ ಒಡೆದ ಸ್ವಲ್ಪ ಹೊತ್ತಿಗೆ ಕಾಯಿಯೊಳಗೆ ಹೊಕ್ಕು ಕಾಳುಗಳನ್ನೇ ತಿನ್ನುತ್ತದೆ. ಒಂದೇ ಕಾಯಿಯಲ್ಲಿ ವಿಷದ ಕಾಳು, ವಿಷವಿಲ್ಲದ ಕಾಳು ಬೆರೆತಿದ್ದರೆ, ಅಲ್ಪಸ್ವಲ್ಪ ವಿಷ ತಾಳಿಕೊಳ್ಳಬಲ್ಲ ಹುಳುಗಳಿಗೆ ಬದುಕುಳಿಯಲು ಅದಕ್ಕಿಂತ ಒಳ್ಳೆಯ ಶಾಲೆ ಬೇಕೆ? ಬಿಟಿ ಹತ್ತಿ ಬೆಳೆಯುವ ಬೇರೆ ಹೆಚ್ಚಿನ ದೇಶಗಳಲ್ಲಿ ಇರುವುದು ತಳಿಗಳು; ಅವುಗಳಲ್ಲಿ ಕಾಳೆಲ್ಲ ಒಂದೇ ಬರಹದವು. ಇಲ್ಲಿಯೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪಾಲು ಇದ್ದ ಬಿಕಾನೇರಿ ನರ್ಮಾ ಬಿಟಿ ಎಂಬ ತಳಿ 2009ರ ಹಂಗಾಮಿಗೆ ಬಂದಿತ್ತು. ರೈತ ಬೀಜ ಉಳಿಸಿಕೊಳ್ಳಬಹುದಾಗಿದ್ದ ತಳಿ ಅದು. ಅದರಲ್ಲಿ ಬೇರೊಂದು ಬಿಟಿ ಬರಹದ ಬೆರಕೆ ಇದೆಯೆಂಬ ಪ್ರಶ್ನೆಯೆದ್ದು ಆ ವರ್ಷವೇ ಬೀಜ ನಿಂತುಹೋಯಿತು. ರೈತರ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ಮೂರನೆಯ ಕಾರಣ ಹುಳುವಿನ ಬರಹ. ಹುಳುವಿಗೂ ಡಿ.ಎನ್.ಎ. ಇದೆ, ಉತಾರವಿದೆ, ರೈಬೋಸೋಮ್ ಇದೆ. ಬಿಟಿ ಹೋಗಿ ಕೂರುವ ಕ್ಯಾಡ್‌ಹೆರಿನ್ ಎಂಬ ಕೀಲಿಯನ್ನು ಹುಳು ತನ್ನ ಬರಹದಿಂದಲೇ ನೇಯ್ದುಕೊಳ್ಳುತ್ತದೆ. ಗುಜರಾತಿನಲ್ಲಿ 2010ರ ಸುಮಾರಿಗೆ ಕ್ರೈ1ಎಸಿಗೆ ಜಗ್ಗದ ಗುಲಾಬಿ ಕಾಯಿಕೊರಕ ಖಚಿತವಾಯಿತು. ಕೆಲವೇ ವರ್ಷಗಳಲ್ಲಿ ಕ್ರೈ2ಎಬಿಯನ್ನೂ ಅದು ಜೀರ್ಣಿಸಿಕೊಂಡಿತು. ಭಾರತದ ಹೊಲಗಳ ಹುಳುಗಳನ್ನು ಪರೀಕ್ಷಿಸಿ ಈ ದೇಶದ ಮತ್ತು ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ವಿವರ ಗಮನಿಸುವಂಥದು. ಅಂಥ ಹುಳುಗಳ ಕ್ಯಾಡ್‌ಹೆರಿನ್ ಬರಹ ಕೆಟ್ಟಿದ್ದು, ಉತಾರದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಅಡ್ಡಾದಿಡ್ಡಿಯಾಗಿತ್ತು. ತುಣುಕು ಬಿಟ್ಟುಹೋಗಿ, ಇಲ್ಲವೆ ಬೇಡದ್ದು ಸೇರಿ, ಸರಿಯಾದ ಕೀಲಿ ತಯಾರಾಗುತ್ತಿರಲಿಲ್ಲ. ಕೀಲಿಯೇ ಇಲ್ಲದ ಬಾಗಿಲಿಗೆ ಕೀಲಿಕೈ ಹಿಡಿದು ಬಂದ ಸಸಾರಜನಕ ಏನು ಮಾಡೀತು? ಹುಳು ಬಿಟಿಯನ್ನು ಎದುರಿಸಿ ಗೆಲ್ಲಲಿಲ್ಲ, ತನ್ನದೊಂದು ಸಸಾರಜನಕವನ್ನು ಕೆಡಿಸಿಕೊಂಡು ಗೆದ್ದಿತು.

ಕ್ಯಾಡ್‌ಹೆರಿನ್‌ನ ಈ ದೋಷ ಸಾಮಾನ್ಯವಾಗಿ ತಾಯಿ ತಂದೆ ಇಬ್ಬರಿಂದಲೂ ಬಂದಾಗ ಮಾತ್ರ ಹುಳು ಬದುಕುತ್ತದೆ. ಒಂದು ಪ್ರತಿಯಾದರೂ ಸರಿಯಿದ್ದರೆ ಕೀಲಿ ತಯಾರಾಗಿ ಹುಳು ಸಾಯುತ್ತದೆ. ಬಿಟಿಯಲ್ಲದ ಹತ್ತಿಯನ್ನು ಹೊಲದ ಅಂಚಿಗೆ ಹಾಕಬೇಕೆಂದು ಹೇಳಿದ್ದರ ಹಿಂದಿನ ಲೆಕ್ಕ ಇದೇ. ಅಲ್ಲಿ ಬೆಳೆದ ಸಾದಾ ಹುಳುಗಳ ಪತಂಗ, ಜಗ್ಗದ ಪತಂಗದೊಡನೆ ಕೂಡಿದರೆ ಮರಿಗಳಿಗೆ ಒಂದು ಸರಿಯಾದ ಪ್ರತಿ ಸಿಗುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಚಿಕ್ಕ ಪೊಟ್ಟಣ ಕೊಡುತ್ತಿದ್ದುದು ಇದಕ್ಕಾಗಿ. ಎಷ್ಟೋ ಹೊಲಗಳಲ್ಲಿ ಆ ಪೊಟ್ಟಣ ಬದುವಿನ ಮೇಲೆಯೇ ಉಳಿಯಿತು. ಹುಳುವಿಗೆ ಮೇವು ಬೆಳೆಯಬೇಕೆ ಎಂಬ ರೈತನ ಪ್ರಶ್ನೆಯೂ ಸಹಜವೇ. ಕಾರಣ ಹೇಳದೆ ಕೈಗೆ ಪೊಟ್ಟಣ ಕೊಟ್ಟರೆ ಹೀಗೆಯೇ ಆಗುತ್ತದೆ. ಮುಂದೆ ಸಾದಾ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂತು.

ಈಗ ಹೊಲದಲ್ಲಿ ಮಾಡಬೇಕಾದದ್ದು. ಗುಲಾಬಿ ಕಾಯಿಕೊರಕದ ಮಟ್ಟಿಗೆ ಬಿಟಿ ಬೀಜವನ್ನು ಸಾದಾ ಬೀಜವೆಂದೇ ತಿಳಿದು ನಡೆಯುವುದು ಕ್ಷೇಮ. ಹಸಿರು ಕಾಯಿಕೊರಕಕ್ಕೆ ಅದರ ಕಾವಲು ಇನ್ನೂ ಇದೆ. ಬಿತ್ತಿ 45 ದಿನಗಳಾಗುವಾಗ ಎಕರೆಗೆ ಎರಡರಂತೆ ಗುಲಾಬಿ ಕಾಯಿಕೊರಕದ ಮೋಹಕ ಬಲೆ ಕಟ್ಟಬೇಕು. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗಗಳಂತೆ ಸಾಲಾಗಿ ಮೂರು ರಾತ್ರಿ ಬಿದ್ದರೆ ಎಚ್ಚರವಾಗಬೇಕು. ಗುಲಾಬಿಯಂತೆ ಮುದುಡಿ ಅರಳದ ಹೂ ಕಂಡರೆ ಕಿತ್ತು ಸುಡಬೇಕು. ವಾರಕ್ಕೊಮ್ಮೆ ಹೊಲದ ಬೇರೆಬೇರೆ ಕಡೆಯಿಂದ ಹೆಬ್ಬೆರಳಿಗಿಂತ ದಪ್ಪಗಿನ 20 ಹಸಿ ಕಾಯಿಗಳನ್ನು ಕಿತ್ತು ಒಡೆದು ನೋಡಬೇಕು. ಎರಡರಲ್ಲಿ ಹುಳು ಸಿಕ್ಕರೆ ಔಷಧಿಯ ಸಮಯ ಬಂದಿದೆ. ಯಾವ ಔಷಧಿ, ಎಷ್ಟು ಎಂಬುದನ್ನು ಆ ಹಂಗಾಮಿನ ಶಿಫಾರಸು ಕೇಳಿಯೇ ತೀರ್ಮಾನಿಸಬೇಕು. ಒಳಗೆ ಹೊಕ್ಕ ಹುಳುವಿಗೆ ಸಿಂಪರಣೆ ಮುಟ್ಟುವುದಿಲ್ಲ. ಕಾಯಿಯ ಮೇಲಿನ ತೂತು ಅಷ್ಟರಲ್ಲಿ ಮುಚ್ಚಿಕೊಂಡಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೆಲಸ ಬೆಳೆಯನ್ನು ವೇಳೆಗೆ ಮುಗಿಸುವುದು. ಕಾಲುವೆ, ಬಾವಿ ನೀರಿದ್ದವರು ಇನ್ನೊಂದು ಬಿಡಿಸುವಿಕೆಯ ಆಸೆಗೆ ಫೆಬ್ರುವರಿ, ಮಾರ್ಚಿನವರೆಗೂ ಹತ್ತಿಯನ್ನು ಎಳೆಯುತ್ತಾರೆ. ಆಗ ಗಿಡದಲ್ಲಿ ಬಿಟಿ ಸಸಾರಜನಕ ಕಡಿಮೆ, ಹುಳು ಹೆಚ್ಚು. ಜಗ್ಗದ ಹುಳುಗಳ ಸಂತಾನ ಬೆಳೆಯುವುದು ಆ ತಿಂಗಳುಗಳಲ್ಲಿಯೇ. ಡಿಸೆಂಬರಿನ ಕೊನೆಗೆ ಬೆಳೆ ತೆಗೆದು, ಒಡೆಯದ ಕಾಯಿಗಳನ್ನು ಕುರಿಗಳಿಗೆ ಮೇಯಲು ಬಿಟ್ಟು, ಕಟ್ಟಿಗೆಯನ್ನು ಹೊಲದಲ್ಲಿ ಇಲ್ಲವೆ ಮನೆಯ ಹಿತ್ತಲಲ್ಲಿ ಒಟ್ಟದೆ ಪುಡಿ ಮಾಡಿ ಮಣ್ಣಿಗೆ ಸೇರಿಸಬೇಕು. ಜಿನ್ನಿಂಗ್ ಗಿರಣಿಯ ಸುತ್ತಮುತ್ತ ಹೊಲವಿರುವವರು ಅಲ್ಲಿಯೂ ಮೋಹಕ ಬಲೆ ಕಟ್ಟುವಂತೆ ಗಿರಣಿಯವರಿಗೆ ಹೇಳಬೇಕು, ಏಕೆಂದರೆ ಎರಡೆರಡು ಕಾಳು ಕೂಡಿಸಿಕೊಂಡು ಮಲಗಿದ ಹುಳು ಹತ್ತಿಯ ಜೊತೆಗೇ ಅಂಡಿಗೆಯಲ್ಲಿ ಅಲ್ಲಿಗೆ ಹೋಗಿರುತ್ತದೆ.